ಹೆಲ್ಮೆಟ್ ಜಾಹೀರಾತಿನಾಚೆಗೂ ತಲೆಗೆ ಪೆಟ್ಟಾಗುತ್ತದೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಮಿದುಳಿನ ಗಾಯದ ಬಗ್ಗೆ ನಿಮ್ಮ ಇಲಾಖೆ ಮಾಡುವ ಪ್ರಚಾರದಲ್ಲಿ ಕಾಣುವುದು ಬೈಕು, ರಕ್ತ, ಹೆಲ್ಮೆಟ್ಟು. ತಪ್ಪೇನಿಲ್ಲ. ಹೆಲ್ಮೆಟ್ ಧರಿಸಿದ ಬೈಕ್ ಸವಾರರ ತಲೆಗೆ ಗಾಯವಾಗುವ ಸಂಭವ ಸುಮಾರು ಶೇ 69ರಷ್ಟು ಕಡಿಮೆ ಎಂದು ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆ ಕಂಡುಕೊಂಡಿದೆ. (ಪಟ್ಟಿ ಬಿಗಿಯದೆ ತಲೆಯ ಮೇಲೆ ಕೂರಿಸಿಕೊಂಡ ಹೆಲ್ಮೆಟ್ ಪೊಲೀಸರಿಂದಷ್ಟೇ ಕಾಪಾಡೀತು.) ಆದರೆ ಇದೊಂದೇ ಚಿತ್ರವನ್ನು ನೋಡಿ ನೋಡಿ, ಬೈಕ್ ಹತ್ತದವರಿಗೆ ಈ ಅಪಾಯವಿಲ್ಲ ಎಂದು ಜನ ನಂಬಿಬಿಟ್ಟಿದ್ದಾರೆ.

ವಯಸ್ಸಾದವರ ಮಿದುಳಿಗೆ ಪೆಟ್ಟಾಗುವುದು ಹೆಚ್ಚಾಗಿ ಬೀಳುವುದರಿಂದ. ನನ್ನ ತಂದೆ ಬಚ್ಚಲಲ್ಲಿ ಜಾರಿ ಬಿದ್ದಾಗ ರಕ್ತ ಬರಲಿಲ್ಲ, ಬುಗುಟೂ ಏಳಲಿಲ್ಲ. ಎದ್ದು ಬಂದು ಪತ್ರಿಕೆ ಓದುತ್ತ ಕುಳಿತರು. ಕೆಲವು ವಾರಗಳ ನಂತರ ಅಂಗಿಯ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಳ್ಳತೊಡಗಿದರು, ಒಂದು ಕಾಲನ್ನು ಎಳೆದು ನಡೆಯತೊಡಗಿದರು. ಅರಳುಮರಳು ಎಂದು ನೆಂಟರು ಷರಾ ಬರೆದರು. ಸ್ಕ್ಯಾನ್ ಮಾಡಿಸಿದರೆ ಬುರುಡೆಗೂ ಮಿದುಳಿಗೂ ನಡುವೆ ರಕ್ತ ಕಟ್ಟಿಕೊಂಡಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರಲ್ಲಿ ಇಂಥ ಸಂಭವ ಹೆಚ್ಚು. ‘ತಲೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ಬನ್ನಿ’ ಎಂಬ ಒಂದು ಸಾಲನ್ನು ಆ ಮಾತ್ರೆಯ ಚೀಟಿಯಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚಾದೀತು?

ಅಳು ನಿಲ್ಲಿಸದ ಹಸುಳೆಯನ್ನು ಸಿಟ್ಟಿನಿಂದ ಅಲುಗಾಡಿಸಿದರೂ ಮಿದುಳಿಗೆ ಗಾಯವಾಗುತ್ತದೆ. ಮನೆಯೊಳಗಿನ ಹೊಡೆತಗಳಿಂದಲೂ ಆಗುತ್ತದೆ; ಅದು ಯಾವ ಪೋಸ್ಟರಿನಲ್ಲೂ ಇಲ್ಲ. ನೀರಿನಲ್ಲಿ ಮುಳುಗಿ ಬದುಕುಳಿದವರಿಗೆ ಪೆಟ್ಟೇ ಬಿದ್ದಿರುವುದಿಲ್ಲ, ಆದರೂ ಆಮ್ಲಜನಕವಿಲ್ಲದೆ ಮಿದುಳು ಸೊರಗಿರಬಹುದು. ಆಟದ ಮೈದಾನದಲ್ಲಿ ತಲೆ ಡಿಕ್ಕಿಯಾದ ಹುಡುಗಿಗೆ ಪ್ರಜ್ಞೆ ತಪ್ಪದಿದ್ದರೂ, ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಮಿದುಳು ಅಲುಗಿರಬಹುದು. ಅದೇ ದಿನ ಅವಳನ್ನು ಮತ್ತೆ ಆಟಕ್ಕೆ ಇಳಿಸಬಾರದೆಂದು ದೈಹಿಕ ಶಿಕ್ಷಕರಿಗೆ ಹೇಳುವವರು ಯಾರು?

ಇನ್ನು ಬದುಕಿ ಮನೆಗೆ ಬಂದವರ ಪಾಡು. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದವನು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಾನೆ. ಆದರೆ ಬೆಳಿಗ್ಗೆ ಹಲ್ಲುಜ್ಜಲು ಹೊರಟವನು ಬ್ರಷ್ ಹಿಡಿದು ನಿಂತೇ ಇರಬಹುದು, ಸಣ್ಣ ಸದ್ದಿಗೂ ಕೆರಳಬಹುದು. ಅವನಿಗೆ ಸಿಗುವ ಬಿರುದು ಸೋಮಾರಿ, ಮುಂಗೋಪಿ. ಗಾಯವನ್ನು ಸ್ವಭಾವವೆಂದು ತಿಳಿಯುವ ಈ ಅಜ್ಞಾನಕ್ಕೆ ನಿಮ್ಮ ಪ್ರಚಾರದಲ್ಲಿ ಮದ್ದಿಲ್ಲ.

ತಲೆಗೆ ಪೆಟ್ಟಾಗಿ ಬಂದು ಆಸ್ಪತ್ರೆಯಿಂದ ಬಿಡುಗಡೆಯಾಗುವ ಪ್ರತಿಯೊಬ್ಬರ ಮನೆಯವರಿಗೂ ಈ ವಿಷಯಗಳಿರುವ ಒಂದು ಹಾಳೆ ಕೊಡಿಸಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ ಕಂಡರೆ ಬೆಳಗಾಗುವವರೆಗೆ ಕಾಯಬಾರದೆಂದು ಅದರಲ್ಲಿ ದಪ್ಪ ಅಕ್ಷರದಲ್ಲಿರಲಿ. ಮುದ್ರಣಕ್ಕೆ ಕಳಿಸುವ ಮುನ್ನ ಅದರ ಕರಡನ್ನು ಇಂಥ ಪೆಟ್ಟಿನಿಂದ ಚೇತರಿಸಿಕೊಂಡವರಿಗೂ ಅವರನ್ನು ನೋಡಿಕೊಳ್ಳುವವರಿಗೂ ತೋರಿಸಿ.

ಇತಿ,
ಒಬ್ಬ ನಾಗರಿಕ