ಕೋವಿಡ್ ಪರಿಹಾರದ ಪಟ್ಟಿ ಊರವರ ಕಣ್ಣಿಗೂ ಬೀಳಲಿ

ಮಾನ್ಯ ಸಂಪಾದಕರೇ,

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ನಮ್ಮ 20 ಗುಂಟೆಯ ಸೇವಂತಿಗೆ ಕೊಯ್ಲಿಗೆ ಬಂದಿತ್ತು. ಮಾರುಕಟ್ಟೆ ಮುಚ್ಚಿತ್ತು, ಮದುವೆಗಳು ನಿಂತಿದ್ದವು, ದೇವಸ್ಥಾನಗಳು ಬಾಗಿಲು ಹಾಕಿದ್ದವು. ಗಿಡದಲ್ಲೇ ಕಂದುತ್ತಿದ್ದ ಹೂವನ್ನು ಎರಡು ವಾರ ನೋಡಿ, ಕೊನೆಗೆ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸಿದೆವು.

ಮೇ 6ರಂದು ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿ, ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಯಂತೆ ಗರಿಷ್ಠ ಒಂದು ಹೆಕ್ಟೇರಿಗೆ ಪರಿಹಾರ ಕೊಡುವುದಾಗಿ ಹೇಳಿದರು. ಅದೇ ತಿಂಗಳು ಹಣ್ಣು, ತರಕಾರಿ ಬೆಳೆದವರಿಗೆ ಹೆಕ್ಟೇರಿಗೆ 15,000 ರೂಪಾಯಿ, ಮೆಕ್ಕೆಜೋಳ ಬೆಳೆದವರಿಗೆ ತಲಾ 5,000 ರೂಪಾಯಿ ಘೋಷಣೆಯಾಯಿತು. ಮರುವರ್ಷ ಎರಡನೇ ಅಲೆಯಲ್ಲಿ ಹೂ, ಹಣ್ಣು, ತರಕಾರಿಗೆ ಹೆಕ್ಟೇರಿಗೆ 10,000 ರೂಪಾಯಿ ನಿಗದಿಯಾಯಿತು. ಕಷ್ಟಕಾಲದಲ್ಲಿ ರೈತನ ಕೈಹಿಡಿದ ಈ ನಿರ್ಧಾರಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮೊದಲ ಲೆಕ್ಕದಂತೆ ನಮ್ಮ 20 ಗುಂಟೆಗೆ ಸುಮಾರು ಐದು ಸಾವಿರ ರೂಪಾಯಿ ಬರಬೇಕಿತ್ತು, ಬರಲಿಲ್ಲ. ವಿಚಾರಿಸಲು ಹೋದ ಕಚೇರಿಯಲ್ಲಿ ‘ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ’ ಎಂದರೇ ಹೊರತು ಪಟ್ಟಿಯನ್ನು ತೋರಿಸಲಿಲ್ಲ. ಬೇರೆ ಕೆಲಸಕ್ಕೆಂದು ಪಹಣಿ ತೆಗೆಸಿದಾಗಲೇ ನಮ್ಮ ಸರ್ವೆ ನಂಬರಿನ ಬೆಳೆ ಕಲಮಿನಲ್ಲಿ ರಾಗಿ ಎಂದು ನಮೂದಾಗಿರುವುದು ಗೊತ್ತಾದದ್ದು. ಅಷ್ಟರಲ್ಲಿ ಅರ್ಜಿಯ ಗಡುವು ಮುಗಿದು ತಿಂಗಳುಗಳೇ ಕಳೆದಿದ್ದವು. ಪಟ್ಟಿಯನ್ನು ಸಮಯಕ್ಕೆ ಸರಿಯಾಗಿ ಪಂಚಾಯಿತಿಯ ಗೋಡೆಗೆ ಅಂಟಿಸಿದ್ದರೆ ಈ ತಪ್ಪು ಅಂದೇ ಸಿಕ್ಕಿಬೀಳುತ್ತಿತ್ತು. ಯಾರ ಹೊಲದಲ್ಲಿ ಆ ವರ್ಷ ಹೂವಿತ್ತು, ಯಾರದ್ದು ಬೀಳುಬಿದ್ದಿತ್ತು ಎಂಬುದನ್ನು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಬಲ್ಲವರು ಪಕ್ಕದ ಹೊಲದವರು. ಗುತ್ತಿಗೆಗೆ ಹಿಡಿದು ಬೆಳೆದವರ ಪಾಡು ಇನ್ನೂ ಕಷ್ಟ, ಏಕೆಂದರೆ ಪಹಣಿಯಲ್ಲಿರುವುದು ಭೂಮಾಲೀಕರ ಹೆಸರು. ನಷ್ಟ ಅನುಭವಿಸಿದವನಿಗೆ ಹಣ ತಲುಪಿತೇ ಎಂದು ಕೇಳುವುದಕ್ಕಾದರೂ ಅದು ಯಾರ ಖಾತೆಗೆ ಹೋಯಿತೆಂಬುದು ತಿಳಿಯಬೇಕಲ್ಲವೇ?

ಇದು ಸರ್ಕಾರ ಹೊಸದಾಗಿ ದಯಪಾಲಿಸಬೇಕಾದ ಸೌಲಭ್ಯವೇನಲ್ಲ. ಸಹಾಯಧನ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಹೇಳುತ್ತದೆ. ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿ ಗ್ರಾಮವಾರು ಜಾಲತಾಣದಲ್ಲಿ ಸಿಗುತ್ತಿರುವಾಗ ಕೋವಿಡ್ ಪರಿಹಾರಕ್ಕೂ ಅದೇ ಕ್ರಮ ಅನುಸರಿಸಲು ಅಡ್ಡಿಯೇನೂ ಕಾಣುವುದಿಲ್ಲ.

ವೈಯಕ್ತಿಕ ಮಾಹಿತಿಯ ಪ್ರಶ್ನೆ ಬರುತ್ತದೆ, ಬರಲೇಬೇಕು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರು ಯಾರ ಕೈಗೂ ಸಿಗಬಾರದು. ಆದರೆ ರೈತನ ಹೆಸರು, ಗ್ರಾಮ, ಬೆಳೆ, ವಿಸ್ತೀರ್ಣ, ಸಂದಾಯವಾದ ಮೊತ್ತ ಇಷ್ಟನ್ನು ಹೇಳಿದರೆ ಯಾರ ಗುಟ್ಟೂ ಬಯಲಾಗುವುದಿಲ್ಲ; ಅದು ತೆರಿಗೆದಾರರ ಹಣದ ಲೆಕ್ಕ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅವಕಾಶ ನೀಡುವ 8(1)(ಜೆ) ಕಲಮಿಗೆ ತಂದ ತಿದ್ದುಪಡಿಯನ್ನು ಮುಂದಿಟ್ಟುಕೊಂಡು ಇಂತಹ ಪಟ್ಟಿಗಳನ್ನೂ ಮುಚ್ಚಿಡುವ ಪರಿಪಾಠ ಬೆಳೆದೀತೆಂಬ ಆತಂಕ ನನಗಿದೆ. ಸಾರ್ವಜನಿಕ ಹಿತ ಹೆಚ್ಚಿನದಾದಾಗ ಮಾಹಿತಿ ಕೊಡಲು ಅವಕಾಶ ನೀಡುವ 8(2) ಕಲಂ ಇನ್ನೂ ಉಳಿದಿದೆ ಎಂಬುದನ್ನು ಅಧಿಕಾರಿಗಳು ಮರೆಯಬಾರದು.

ಪರಿಹಾರವನ್ನು ನೇರವಾಗಿ ಖಾತೆಗಳಿಗೇ ಜಮಾ ಮಾಡಿರುವುದರಿಂದ ಲೆಕ್ಕ ಸಿಗುವುದಿಲ್ಲ ಎನ್ನುವಂತಿಲ್ಲ. ಆದ್ದರಿಂದ 2020 ಮತ್ತು 2021ರ ಪಟ್ಟಿಗಳನ್ನು ಗ್ರಾಮವಾರು ಮುದ್ರಿಸಿ ಪಂಚಾಯಿತಿ ಕಚೇರಿಗಳಲ್ಲಿ ಪ್ರದರ್ಶಿಸಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಜೊತೆಗೆ ತಿರಸ್ಕೃತ ಅರ್ಜಿಗಳ ಪಟ್ಟಿಯನ್ನೂ ಕಾರಣ ಸಹಿತ ಹಾಕಬೇಕೆಂದು ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳನ್ನು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ಒಬ್ಬ ಹೂ ಬೆಳೆಗಾರ, ಚಿಕ್ಕಬಳ್ಳಾಪುರ ಜಿಲ್ಲೆ