ಮಗನಿಗೆ ಬುದ್ಧಿ ಹೇಳು ಅಂದೆಯಲ್ಲ, ಗೆಳೆಯಾ

ಹಾಸನ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. "ಮಗ ತುಂಬಾ ದಪ್ಪ ಆಗ್ತಿದ್ದಾನೆ ಕಣೋ. ಸ್ಕೂಲಲ್ಲಿ ಹುಡುಗರು ಆಡ್ಕೊಳ್ತಾರಂತೆ. ನಿನ್ನ ಮಾತು ಕೇಳ್ತಾನೆ, ಸ್ವಲ್ಪ ಬುದ್ಧಿ ಹೇಳು" ಅಂತ ಬರೆದಿದ್ದೀಯ. ಫೋನಿನಲ್ಲಿ ಎರಡು ಮಾತಾಡಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬೇರೆ ಅಪ್ಪ ಅಮ್ಮಂದಿರೂ ಓದಲಿ, ಹೆಸರು ಹಾಕದೆ ಎಲ್ಲರ ಮುಂದೆ ಇಡಲಾ ಅಂತ ಕೇಳಿದ್ದಕ್ಕೆ ನೀನು ಹೂಂ ಅಂದೆಯಲ್ಲ, ಅದು ನನಗೆ ಸಮಾಧಾನ ಕೊಟ್ಟಿತು.

ಅವನಿಗೆ ನಾನು ಬುದ್ಧಿ ಹೇಳುವುದಿಲ್ಲ. ಹೇಳುವುದು ಏನಿದ್ದರೂ ನಿನಗೆ.

ಹನ್ನೆರಡು ವರ್ಷದ ಹುಡುಗ. ತಾನು ದಪ್ಪ ಇದ್ದೇನೆ ಅನ್ನುವುದು ಅವನಿಗೆ ಗೊತ್ತಿಲ್ಲ ಅಂದುಕೊಂಡಿದ್ದೀಯಾ? ಬೆಳಗಾದರೆ ಯಾರಾದರೊಬ್ಬರು ನೆನಪಿಸುತ್ತಲೇ ಇರುತ್ತಾರೆ. ನಾವು ಹಾಸನದಲ್ಲಿ ಓದುವಾಗ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದ ಕೆಲವೇ ಜನರಲ್ಲಿ ನೀನೊಬ್ಬ. ಉಳಿದವರಿಗೆ ನಾನು ಡುಮ್ಮ. ಪಿ.ಟಿ. ಮೇಷ್ಟ್ರೂ ಹಾಗೇ ಕರೆಯುತ್ತಿದ್ದರು. ಅವರೇ ಕರೆದ ಮೇಲೆ ಹುಡುಗರಿಗೆ ಹೇಳುವವರು ಯಾರು? ನಾನು ನಗುತ್ತಿದ್ದೆ. ನಕ್ಕರೆ ಬೇಗ ಬಿಟ್ಟುಬಿಡುತ್ತಾರೆ ಅಂತ ಗೊತ್ತಾಗಿತ್ತು. "ಅವನೇನು ಬೇಜಾರು ಮಾಡ್ಕೊಳ್ಳಲ್ಲ, ನಗ್ತಾನೆ" ಅಂತ ನಿನ್ನ ಮಗನ ಬಗ್ಗೆ ಬರೆದಿದ್ದೀಯಲ್ಲ, ಆ ಸಾಲು ಓದಿ ನನಗೆ ತಡೆಯಲಾಗಲಿಲ್ಲ. ಆ ನಗು ಎಲ್ಲಿಂದ ಬರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ನನಗೆ ಕಬಡ್ಡಿ ಅಂದರೆ ಪ್ರಾಣ. ಹಿಡಿದರೆ ಬಿಡುತ್ತಿರಲಿಲ್ಲ, ನೀನೇ ನೋಡಿದ್ದೀಯ. ಆದರೂ ಬಿಟ್ಟೆ. ಬನಿಯನ್ ಹಾಕಿಕೊಂಡು ಅಂಗಳಕ್ಕೆ ಇಳಿದ ಕೂಡಲೇ ಸುತ್ತ ನಿಂತವರ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿತ್ತು. ಮೈ ಕರಗಲಿ ಅಂತ ಆಡಿಕೊಂಡವರೇ ನನ್ನನ್ನು ಆಟದಿಂದ ಓಡಿಸಿದರು. ಊಟದ್ದೂ ಅದೇ ಕಥೆ. ಎಲ್ಲರ ಎದುರು ಅರ್ಧ ಹೊಟ್ಟೆ ತಿಂದು ಏಳುತ್ತಿದ್ದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆ ಮನೆಗೆ ಹೋಗಿ, ಡಬ್ಬ ಸದ್ದಾಗದ ಹಾಗೆ ತೆಗೆದು, ಸಿಕ್ಕಿದ್ದನ್ನು ತಿನ್ನುತ್ತಿದ್ದೆ. ಹಸಿವಿಗಿಂತ ಜಾಸ್ತಿ ತಿನ್ನುತ್ತಿದ್ದೆ.

ಇದು ನನ್ನೊಬ್ಬನ ಕಥೆ ಅಂದುಕೊಂಡಿದ್ದೆ. ಅಲ್ಲ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಅಂತ ಅಲ್ಲಿನ ಮಕ್ಕಳ ಡಾಕ್ಟರುಗಳ ಸಂಘ ಇದೆ. ಅವರು 2017ರಲ್ಲಿ ಇದನ್ನೇ ಬರೆದು ಹೇಳಿದರು. ದಪ್ಪ ಇರುವ ಮಕ್ಕಳನ್ನು ನಾಚಿಸಿದರೆ ಅವರು ಸಣ್ಣ ಆಗುವುದಿಲ್ಲ. ಆಟ ಬಿಡುತ್ತಾರೆ, ಲೆಕ್ಕವಿಲ್ಲದೆ ತಿನ್ನಲು ಶುರು ಮಾಡುತ್ತಾರೆ, ಡಾಕ್ಟರ ಹತ್ತಿರ ಹೋಗುವುದನ್ನು ತಪ್ಪಿಸುತ್ತಾರೆ, ತೂಕ ಇನ್ನೂ ಏರುತ್ತದೆ. ಕೀಟಲೆ ಮಾಡುವವರಲ್ಲಿ ಮನೆಯವರೂ ಇರುತ್ತಾರೆ ಅಂತಲೂ ಅದರಲ್ಲಿದೆ. 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ, ತೂಕದ ಹೆಸರಲ್ಲಿ ಜನರನ್ನು ಹೀಯಾಳಿಸುವುದು ನಿಲ್ಲಬೇಕು ಅಂತ ಒಮ್ಮತದ ಹೇಳಿಕೆಯನ್ನೇ ಕೊಟ್ಟರು.

ಇನ್ನು ಡಾಕ್ಟರ ವಿಷಯ. ಕೆಲವು ವರ್ಷದ ಹಿಂದೆ ನನಗೆ ವಿಪರೀತ ಸುಸ್ತು ಇತ್ತಲ್ಲ. ಮುಖ ಊದುತ್ತಿತ್ತು, ಬಿಸಿಲಲ್ಲೂ ಚಳಿ. ಒಂದು ಕ್ಲಿನಿಕ್ಕಿಗೆ ಹೋದೆ. ಕುರ್ಚಿಯಲ್ಲಿ ಕೂರುವ ಮೊದಲೇ "ತೂಕ ಇಳಿಸ್ರೀ, ಎಲ್ಲಾ ಸರಿಹೋಗುತ್ತೆ" ಅಂದರು. ಏನಾಗುತ್ತಿದೆ ಅಂತ ಕೇಳಲೇ ಇಲ್ಲ. ಆಮೇಲೆ ಯಾವ ಆಸ್ಪತ್ರೆ ಮೆಟ್ಟಿಲೂ ಬೇಡ ಅನ್ನಿಸಿಬಿಟ್ಟಿತ್ತು. ಅಮ್ಮ ಬಲವಂತ ಮಾಡಿ ಬೇರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಅವರು ರಕ್ತ ಪರೀಕ್ಷೆ ಬರೆದರು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡುತ್ತಿತ್ತು. ಮಾತ್ರೆ ಶುರುವಾದ ಮೇಲೆ ಸುಸ್ತು ಹೋಯಿತು. ತೂಕ ಇಳಿದದ್ದು ಸ್ವಲ್ಪವೇ, ನಾನು ಈಗಲೂ ದಪ್ಪವೇ ಇದ್ದೇನೆ. ಆದರೆ ಮನುಷ್ಯನ ಹಾಗೆ ಓಡಾಡಿಕೊಂಡಿದ್ದೇನೆ.

ಹಾಗಂತ ಮಗನ ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ ಅಂತ ನಾನು ಹೇಳುತ್ತಿಲ್ಲ. ಕಳೆದ ಸಲ ಬಂದಾಗ ಅವನ ಕತ್ತಿನ ಹಿಂದೆ ಕಪ್ಪಗಾಗಿದ್ದು ನೋಡಿದೆ. ಕೊಳೆ ಅಂತ ಅತ್ತಿಗೆ ಸ್ನಾನದಲ್ಲಿ ಉಜ್ಜಿ ಉಜ್ಜಿ ಕೆಂಪು ಮಾಡಿದ್ದರು. ದಯವಿಟ್ಟು ಉಜ್ಜಬೇಡಿ. ವೆಲ್ವೆಟ್ಟಿನ ಹಾಗೆ ದಪ್ಪಗಾಗಿ ಕಪ್ಪಾಗುವ ಆ ಚರ್ಮ ಎಷ್ಟೋ ಸಲ ಕೊಳೆ ಅಲ್ಲ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಮೈಯಲ್ಲಿ ಇದ್ದರೂ ಅದು ಸರಿಯಾಗಿ ಕೆಲಸಕ್ಕೆ ಬಾರದಿದ್ದಾಗ ಹಾಗಾಗುತ್ತದೆ. ಮಕ್ಕಳ ಡಾಕ್ಟರಿಗೆ ತೋರಿಸು. ಸಕ್ಕರೆ, ಬಿ.ಪಿ. ನೋಡಲಿ. ಎತ್ತರ ಸರಿಯಾಗಿ ಬೆಳೆಯುತ್ತಿದ್ದಾನಾ ಅಂತಲೂ ನೋಡಲಿ. ಥೈರಾಯ್ಡ್‌ನಂಥ ತೊಂದರೆ ಇದ್ದರೆ ಮಕ್ಕಳ ಎತ್ತರವೂ ನಿಧಾನವಾಗುತ್ತದೆ. ನೀನು ಫೋನಿನಲ್ಲಿ ಬಿ.ಎಂ.ಐ., ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ ಹಾಕಿ ಗಾಬರಿಯಾದೆಯಲ್ಲ, ಅದು ದೊಡ್ಡವರ ಲೆಕ್ಕ. ಮಕ್ಕಳಿಗೆ ವಯಸ್ಸು ನೋಡಿ ಹೇಳುವ ಚಾರ್ಟ್ ಬೇರೆ ಇದೆ. ಭಾರತದ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆ ಅಂತಲೇ ಮಾಡಿದ್ದು. ಆ ಬಿ.ಎಂ.ಐ. ಲೆಕ್ಕ ಮೊದಲು ಹಾಕಿದ್ದು ಬೆಲ್ಜಿಯಂನ ಕೆಟ್ಲೆ ಅನ್ನುವ ಗಣಿತಜ್ಞ, 1830ರ ದಶಕದಲ್ಲಿ. ಇಡೀ ಜನಸಮೂಹದ ಸರಾಸರಿ ತಿಳಿಯಲು ಹಾಕಿದ ಲೆಕ್ಕ ಅದು. ಒಬ್ಬ ಹುಡುಗನನ್ನು ಅಳೆದು ತೀರ್ಪು ಕೊಡಲು ಅಲ್ಲ.

ಮತ್ತೆ, ಅವನ ಅಕ್ಕನೂ ಅದೇ ಮನೆಯಲ್ಲಿ ಅದೇ ಅಕ್ಕಿ ರೊಟ್ಟಿ ತಿಂದು ಬೆಳೆದವಳು ಅಲ್ವಾ? ಅವಳು ತೆಳ್ಳಗಿದ್ದಾಳೆ. ನಿಮ್ಮಪ್ಪನ ಮೈಕಟ್ಟು ನೆನಪಿಸಿಕೋ. ಇವನು ಥೇಟ್ ಅಜ್ಜ. ಜನರ ತೂಕ ಒಂದೊಂದು ಥರ ಇರುವುದಕ್ಕೆ ವಂಶದಿಂದ ಬಂದದ್ದೇ ಶೇಕಡಾ 40ರಿಂದ 70ರಷ್ಟು ಕಾರಣ ಅಂತ ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಹೀಗಿರುವಾಗ ಇಬ್ಬರಲ್ಲಿ ಒಬ್ಬನ ತಟ್ಟೆ ಮಾತ್ರ ಕಾಯುವುದು ಯಾವ ನ್ಯಾಯ? ಚಿಪ್ಸು, ಕೂಲ್‌ಡ್ರಿಂಕ್ಸು ಬೇಡ ಅಂದರೆ ಮನೆಗೇ ತರಬೇಡ. ಅಕ್ಕನಿಗೂ ಬೇಡ, ನಿನಗೂ ಬೇಡ.

ನಿಜವಾಗಿ ನಿನ್ನಿಂದ ಆಗಬೇಕಾದ ಕೆಲಸ ಇನ್ನೊಂದಿದೆ. ಒಂದು ಮದುವೆಯಲ್ಲಿ ನಾನು ಪಂಕ್ತಿಯಲ್ಲಿ ಕೂತಿದ್ದೆ. ಹೋಳಿಗೆ ಬಂತು. ಪಕ್ಕದವರು "ಇವನಿಗೆ ನಾಲ್ಕು ಹಾಕಿ, ಒಂದು ಮೂಲೆಗೂ ಸಾಲಲ್ಲ" ಅಂದರು. ಸಾಲಿಗೆ ಸಾಲೇ ನಕ್ಕಿತು. ಬೇಡ ಅಂದರೂ ಮಾತು, ಹಾಕಿಸಿಕೊಂಡರೂ ಮಾತು. ನಾನು ಎಲೆ ನೋಡುತ್ತಾ ಕೂತೆ. ಎದುರು ಸಾಲಿನಲ್ಲಿದ್ದ ಅಮ್ಮ, ಗಟ್ಟಿಯಾಗಿ ಮಾತಾಡಿದವರೇ ಅಲ್ಲ, ಅವತ್ತು ಎಲ್ಲರಿಗೂ ಕೇಳುವ ಹಾಗೆ ಅಂದರು: "ತಮ್ಮೆಲೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ಪಕ್ಕದೆಲೆ ನೊಣ ಓಡಿಸೋಕೆ ಹೋಗ್ತಾರಂತೆ. ನನ್ನ ಮಗನ ಎಲೆ ತಂಟೆ ಬಿಡಿ, ಅವನು ಹೊಟ್ಟೆ ತುಂಬ ಉಣ್ಣಲಿ." ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ನಾನು ಅವತ್ತು ಎರಡು ಹೋಳಿಗೆ ತಿಂದೆ, ನಿಧಾನವಾಗಿ, ತುಪ್ಪ ಹಾಕಿಸಿಕೊಂಡು. ರಾತ್ರಿ ಅಡುಗೆ ಮನೆಗೆ ಹೋಗಲಿಲ್ಲ.

ಅಂಥ ಮಾತು ಆಡುವವರು ಒಬ್ಬರು ಅವನ ಪಕ್ಕದಲ್ಲಿ ಬೇಕು ಕಣೋ. ನೆಂಟರ ಮನೆಯಲ್ಲಿ, ಬಸ್ಸಲ್ಲಿ, ಬಟ್ಟೆ ಅಂಗಡಿಯಲ್ಲಿ. "ಅವನ ಮೈ ವಿಷಯ ಬಿಡಿ" ಅಂತ ನೀನು ಹೇಳಬೇಕು, ಅವನಿಗೆ ಕೇಳುವ ಹಾಗೆ. ದೊಡ್ಡವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಸ್ಕೂಲಿಗೂ ಹೋಗು. ಕ್ಲಾಸ್ ಟೀಚರ್ ಹತ್ತಿರ ಕೂತು ಮಾತಾಡು. ಮಕ್ಕಳಾಟ ಅಂತ ಅವರು ತಳ್ಳಿಹಾಕಿದರೆ ಹೆಡ್‌ಮಾಸ್ಟರ್ ಹತ್ತಿರ ಹೋಗು.

ದೀಪಾವಳಿಗೆ ಚಿಕ್ಕಮಗಳೂರು ಹತ್ತಿರದ ದೇವಿರಮ್ಮನ ಬೆಟ್ಟ ಹತ್ತಿಸುತ್ತೇನೆ, ಕೊಬ್ಬು ಕರಗಲಿ ಅಂತ ನೀನು ಅಂದಿದ್ದೆ. ಬೆಟ್ಟಕ್ಕೆ ಕರೆದುಕೊಂಡು ಹೋಗು, ಕೊಬ್ಬಿನ ಮಾತು ಬಿಡು. ನರಕ ಚತುರ್ದಶಿಯ ದಿನ ಬರಿಗಾಲಲ್ಲಿ ಅಷ್ಟೊಂದು ಜನ ಹತ್ತುವುದು ಆ ತಾಯಿಯ ಮೇಲಿನ ಭಕ್ತಿಗೆ. ನಿನ್ನ ಮಗನಿಗೆ ಮಾತ್ರ ಅದು ಶಿಕ್ಷೆ ಆಗುವುದು ಬೇಡ. ಅವನು ಕೂತಲ್ಲಿ ನೀನೂ ಕೂರು. ಸಾಕು ಅಂದರೆ ಇಳಿದು ಬನ್ನಿ. ಅವನಿಗೆ ಸೈಕಲ್ ಇಷ್ಟ ಅಂತ ನನ್ನ ಹತ್ತಿರ ಹೇಳಿದ್ದ, ನಿನಗೆ ಗೊತ್ತಾ? ರಸ್ತೆಯಲ್ಲಿ ಯಾರಾದರೂ ನೋಡುತ್ತಾರೆ ಅಂತ ಹೊರಗೆ ತೆಗೆಯುವುದಿಲ್ಲವಂತೆ. ಬೆಳಗ್ಗೆ ಬೇಗ ಎದ್ದು ನೀನೂ ಒಂದು ಸೈಕಲ್ ತೆಗೆದುಕೊಂಡು ಜೊತೆಗೆ ಹೋಗು.

ಮುಂದಿನ ಭಾನುವಾರ ಬೇಲೂರು ಮೇಲಿನ ಬಸ್ಸಿಗೆ ಬರುತ್ತೇನೆ. ಮಾಮ ಬುದ್ಧಿ ಹೇಳೋಕೆ ಬರ್ತಿಲ್ಲ ಅಂತ ಅವನಿಗೆ ಮೊದಲೇ ಹೇಳಿಬಿಡು, ಇಲ್ಲದಿದ್ದರೆ ರೂಮಿನಿಂದ ಹೊರಗೇ ಬರುವುದಿಲ್ಲ. ಅತ್ತಿಗೆ ಕಡುಬು ಮಾಡುವುದಾದರೆ ಎಲ್ಲರ ತಟ್ಟೆಗೂ ಒಂದೇ ಥರ ಬಡಿಸಲಿ. ಅಷ್ಟರೊಳಗೆ ಡಾಕ್ಟರಿಗೆ ತೋರಿಸಿದ್ದರೆ ರಿಪೋರ್ಟ್ ತೆಗೆದಿಟ್ಟಿರು, ಇಬ್ಬರೂ ಕೂತು ನೋಡೋಣ.

ನಿನ್ನ ಗೆಳೆಯ