ಆಸ್ರಿಗೆ ಎಂತ ಬೇಕು?

ಮೊನ್ನೆ ರಾತ್ರಿ ಊಟದ ಮೇಜಿನ ಮೇಲೆ ನಮ್ಮ ಸಂಘದ ಪತ್ರಿಕೆಯ ರಾಜ್ಯೋತ್ಸವ ಸಂಚಿಕೆಯ ಕರಡು ಹರಡಿಕೊಂಡು ಕೂತಿದ್ದೆ. ಈ ಸಲ ಬಂದ ಹನ್ನೊಂದು ಬರಹಗಳಲ್ಲಿ ಆರು ಪ್ರವಾಸದವು. ಏಳನೆಯದು ನನ್ನದೇ, ಜೋಗದ ಬಗ್ಗೆ. ರಾಜ, ರಾಣಿ, ರೋರರ್, ರಾಕೆಟ್, 253 ಮೀಟರ್ ಎತ್ತರ, ಎಲ್ಲ ಬರೆದಿದ್ದೆ. ಈಗಷ್ಟೇ ಕನ್ನಡ ಓದಲು ಕಲಿಯುತ್ತಿರುವ ಮಗಳು ಬೆರಳಿಟ್ಟು ಓದಿದಳು. ‘ರಮಣೀಯ’ ಅಂದರೇನು ಅಂತ ಕೇಳಿದಳು, ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, “ಅಮ್ಮಾ, ಇದ್ರಲ್ಲಿ ಜನಾನೇ ಇಲ್ವಲ್ಲ, ನಿಮಗೆ ಊಟ ಯಾರು ಹಾಕಿದ್ರು?” ಅಂದಳು.

ಆ ಲೇಖನ ತೆಗೆದುಬಿಟ್ಟೆ. ಅದರ ಬದಲು ಇದು.

ನನಗಾಗ ಒಂಬತ್ತು ವರ್ಷ. ಬೆಂಗಳೂರಿನಿಂದ ಹೊರಟು, ಸಾಗರದಲ್ಲಿ ಬಸ್ಸು ಬದಲಿಸಿ ಜೋಗಕ್ಕೆ ಹೋಗುತ್ತಿದ್ದೆವು. ತಾಳಗುಪ್ಪ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಆಗಸ್ಟ್ ತಿಂಗಳು, ಮಲೆನಾಡಿನ ಮಳೆ, ಕೇಳಬೇಕೇ? ರಸ್ತೆ ಪಕ್ಕ ಅಡಿಕೆ ತೋಟದಂಚಿಗೆ ಒಂದು ಹೆಂಚಿನ ಮನೆ ಕಂಡಿತು. ಜಗಲಿ ಹತ್ತಿ ನಿಂತೆವು, ಮೈಯಿಂದ ನೀರು ಸೋರುತ್ತಿತ್ತು. ಒಳಗಿಂದ ಬಂದ ಅಜ್ಜಿ ಯಾರು, ಎಲ್ಲಿಯವರು ಅಂತೇನೂ ಕೇಳಲಿಲ್ಲ. “ಆಸ್ರಿಗೆ ಎಂತ ಬೇಕು?” ಅಂದರು. ನಮಗೆ ಅರ್ಥವಾಗಲಿಲ್ಲ. ಅವರೇ ಹಿತ್ತಾಳೆ ತಂಬಿಗೆಯಲ್ಲಿ ನೀರು, ಬೆಲ್ಲದ ಚೂರು ತಂದಿಟ್ಟರು. ಬಾಯಾರಿಕೆಗೆ ಏನು ಕೊಡಲಿ ಅಂತ ಕೇಳಿದ್ದಂತೆ. ತಮ್ಮನ ಅಂಗಿ ಬಿಚ್ಚಿಸಿ ಬಚ್ಚಲ ಒಲೆಯ ಮೇಲೆ ಒಣಹಾಕಿದರು, ಕೊನೆಗೆ ಆ ಅಂಗಿಗೆ ವಾರವಾದರೂ ಹೊಗೆ ವಾಸನೆ ಹೋಗಲಿಲ್ಲ. ಆಮೇಲೆ ಬಿಸಿ ತೆಳ್ಳೇವು, ಅಂದರೆ ತೆಳು ದೋಸೆ, ಜೊತೆಗೆ ನೀರಾದ ಜೋನಿಬೆಲ್ಲ. ಎಷ್ಟು ತಿಂದೆನೋ ಲೆಕ್ಕವಿಲ್ಲ. ಅಪ್ಪ ಜೇಬಿಗೆ ಕೈ ಹಾಕಿದ್ದು ನೋಡಿ ಅಜ್ಜಿಯ ಮುಖ ಸಪ್ಪಗಾಯಿತು. ಅಮ್ಮ ಸುಮ್ನೆ ಬಗ್ಗಿ ಅವರ ಕಾಲು ಮುಟ್ಟಿದಳು. ಧನ್ಯವಾದ ಅನ್ನುವ ಮಾತು ಆ ಜಗಲಿಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಜೋಗದಲ್ಲಿ ಅವತ್ತು ಪೂರ್ತಿ ಮಂಜು. ಸದ್ದು ಮಾತ್ರ ಕೇಳಿಸಿತು. ಅಜ್ಜಿಯ ಹೆಸರು ನಾವು ಕೇಳಲೇ ಇಲ್ಲ, ಅದೊಂದು ಇವತ್ತಿಗೂ ಚುಚ್ಚುತ್ತದೆ.

ಪ್ರವಾಸ ಕಥನಕ್ಕೆ ಕನ್ನಡದಲ್ಲಿ ದೊಡ್ಡ ಮರ್ಯಾದೆ ಇದೆ. ಗೊರೂರರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೀವೂ ಬರೆಯಿರಿ. ಆದರೆ ‘ಅವರ ಆತಿಥ್ಯ ಮರೆಯಲಾಗದು’ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ತಂಬಿಗೆ ಎಂಥದು, ಅವರು ಅಂದದ್ದೇನು, ಎಲೆಗೆ ಬಿದ್ದದ್ದೇನು, ಅದನ್ನು ಬರೆಯಿರಿ. ನನಗೆ ಅದಕ್ಕಿಂತ ಒಳ್ಳೆಯ ಕೃತಜ್ಞತೆ ಗೊತ್ತಿಲ್ಲ.

ಇನ್ನು ಸೂಚನೆಗಳು, ಜಾಗ ಕಮ್ಮಿ ಇದೆ. ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ ಮೂರಕ್ಕೆ. ನಾಡಗೀತೆಗೆ ಮಕ್ಕಳು ಅರ್ಧ ಗಂಟೆ ಮೊದಲೇ ಬರಲಿ. ಊಟಕ್ಕೆ ಬಿಸಿಬೇಳೆಬಾತ್, ಮೊಸರನ್ನ, ಹೋಳಿಗೆ. ಹೋಳಿಗೆ ಮಾಡಲು ಶುಕ್ರವಾರ ಸಂಜೆ ನಾಲ್ಕು ಜನ ಬೇಕು, ಲಟ್ಟಣಿಗೆ ತನ್ನಿ. ಸದಸ್ಯತ್ವದ ಹಣ ಬಾಕಿ ಇರುವವರು ಬಾಗಿಲಲ್ಲೇ ಕೊಡಬಹುದು. ಬರಹಗಳನ್ನು ದಯವಿಟ್ಟು ಯೂನಿಕೋಡ್‌ನಲ್ಲೇ ಕಳಿಸಿ, ಹಳೆಯ ಫಾಂಟಿನಲ್ಲಿ ಬಂದರೆ ಒತ್ತಕ್ಷರವೆಲ್ಲ ಒಡೆದುಹೋಗಿ ಮತ್ತೆ ಟೈಪ್ ಮಾಡಬೇಕಾಗುತ್ತದೆ.

ಮತ್ತೊಂದು ಮಾತು. ಐದು ವರ್ಷದಿಂದ ಈ ಪತ್ರಿಕೆಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದೇನೆ. ಈಗ ರಾತ್ರಿ ಹನ್ನೆರಡೂವರೆ, ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಇನ್ನು ಒಬ್ಬಳಿಂದ ಆಗುವುದಿಲ್ಲ. ತಿಂಗಳಿಗೆ ಎರಡು ಸಂಜೆ ಕೊಡುವವರು ಯಾರಾದರೂ ಇದ್ದೀರಾ? ಟೈಪಿಂಗ್ ಬರದಿದ್ದರೂ ಪರವಾಗಿಲ್ಲ, ನಾನು ಕಲಿಸುತ್ತೇನೆ. ರಾಜ್ಯೋತ್ಸವದ ದಿನ ಊಟದ ಸಾಲಿನ ಹತ್ತಿರ ಇರುತ್ತೇನೆ, ಬಂದು ಮಾತಾಡಿಸಿ.